ಎಲೆ ಅಡಿಕೆಯಿಂದ ಎರಡು ಪ್ಯಾಕೆಟ್‌ವರೆಗೆ

ಗುಟ್ಕಾ ನಿಷೇಧ ಆಗಿದೆಯಾ ಅಂತ ಯಾರನ್ನಾದರೂ ಕೇಳಿ. 'ಆಗಿ ಎಷ್ಟೋ ವರ್ಷ ಆಯ್ತಲ್ಲ' ಅನ್ನುತ್ತಾರೆ. ಅದೇ ಉಸಿರಲ್ಲಿ ಯಾವ ಅಂಗಡಿಯಲ್ಲಿ ಸಿಗುತ್ತದೆ ಅಂತಲೂ ಹೇಳುತ್ತಾರೆ. ಬಾಯಿ ಕ್ಯಾನ್ಸರ್ ವಿಷಯ ಬಂದರೆ ಅಡಿಕೆ, ತಂಬಾಕು, ಕಾನೂನು ಎಲ್ಲ ಸೇರಿ ಕಲಸುಮೇಲೋಗರ.

ಎಲೆ ಅಡಿಕೆ ನಮ್ಮಲ್ಲಿ ತುಂಬಾ ಹಳೆಯದು. ತಂಬಾಕು ಹಾಗಲ್ಲ. ಅದು ಪೋರ್ಚುಗೀಸರ ಹಡಗಿನಲ್ಲಿ ಬಂದು, ಹೊಗೆಸೊಪ್ಪಾಗಿ ತಟ್ಟೆ ಸೇರಿ, ಮನೆಯವರಲ್ಲೇ ಒಂದಾಯಿತು. ತಿರುವಾಂಕೂರಿನಲ್ಲಿ ಎಲೆ ಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ಓರ್ ಎಂಬ ವೈದ್ಯರು 1933ರಲ್ಲೇ ಬರೆದಿದ್ದರು. ಹಾಗಾಗಿ ಆಮೇಲೆ ಬಂದವರು 'ಗೊತ್ತಿರಲಿಲ್ಲ' ಅನ್ನುವಂತಿಲ್ಲ.

ಕನ್ನಡದಲ್ಲಿ ಈ ಕಾಯಿಲೆಗೆ ಏಡಿಗಂತಿ ಅಂತ ಹೆಸರಿದೆ. ಸರಿಯಾದ ಹೆಸರೇ. ಕೆನ್ನೆಯ ಒಳಪದರದಲ್ಲಿ ಜೀವಕೋಶಗಳು ಸವೆಯುತ್ತಾ, ಹೊಸವು ಹುಟ್ಟುತ್ತಾ ಇರುತ್ತವೆ. ಸಾಕು ಅಂದಾಗ ನಿಲ್ಲುತ್ತವೆ. ಹೊಗೆಸೊಪ್ಪಿನ ಉಂಡೆಯನ್ನು ದಿನಾ ಒಂದೇ ಕಡೆ ಒತ್ತರಿಸಿಟ್ಟರೆ, ಅದರ ರಾಸಾಯನಿಕಗಳು ಜೀವಕೋಶದ ಡಿಎನ್‌ಎಯನ್ನು ಕೆಡಿಸುತ್ತವೆ. ನಿಲ್ಲು ಅನ್ನುವ ಆಜ್ಞೆಯೂ ಅದರಲ್ಲೇ ಇರುವುದು. ಆ ಆಜ್ಞೆ ಕೆಟ್ಟುಹೋದ ಜೀವಕೋಶ ಒಡೆದು ಎರಡಾಗುತ್ತಲೇ ಹೋಗುತ್ತದೆ, ಪಕ್ಕದ ಮಾಂಸಕ್ಕೆ ಕೈಚಾಚುತ್ತದೆ, ಕೊನೆಗೆ ಕುತ್ತಿಗೆಯ ಗಂಟುಗಳಿಗೆ ಇಳಿಯುತ್ತದೆ. ಶುರುವಿನಲ್ಲಿ ಎಷ್ಟೋ ಸಲ ನೋವೇ ಇರುವುದಿಲ್ಲ. ಬಿಳಿ ಮಚ್ಚೆಯೋ, ವಾಸಿಯಾಗದ ಹುಣ್ಣೋ ಇರುತ್ತದೆ ಅಷ್ಟೇ. ನೋವಿಲ್ಲ ಅಂತ ಸುಮ್ನಿದ್ದುಬಿಡುತ್ತಾರೆ.

ಎಲ್ಲ ಬದಲಾದದ್ದು ಪ್ಯಾಕೆಟ್ ಬಂದ ಮೇಲೆ. ಎಲೆ ಅಡಿಕೆಗೆ ಎಲೆ ಒರೆಸಬೇಕು, ಸುಣ್ಣ ಸವರಬೇಕು, ಕೂತು ಮಡಿಸಬೇಕು. ಮನೆಯಲ್ಲಿ ದೊಡ್ಡವರ ಕಣ್ಣು ಬೇರೆ. 1980ರ ದಶಕದಲ್ಲಿ ಎಲ್ಲೆಡೆ ಹರಡಿದ ಗುಟ್ಕಾಗೆ ಇದ್ಯಾವುದೂ ಬೇಡ. ಹರಿ, ಬಾಯಿಗೆ ಸುರಿ, ಮುಗೀತು. ನಮ್ಮ ಶಾಲೆ ಎದುರಿನ ಡಬ್ಬಾ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ನೇತಾಡುತ್ತಿತ್ತು, ಶಾಂಪೂ ಪ್ಯಾಕೆಟ್ ಪಕ್ಕದಲ್ಲೇ. ಬೆಲೆ ಒಂದು ರೂಪಾಯಿ. ಪೆಪ್ಪರಮೆಂಟ್‌ಗೆ ಅಂತ ಕೊಟ್ಟ ಚಿಲ್ಲರೆ ಸಾಕಾಗುತ್ತಿತ್ತು. ಅಜ್ಜಂದಿರ ಚಟ ಹತ್ತನೇ ಕ್ಲಾಸಿನ ಹುಡುಗರಿಗೆ ಅಂಟಿದ್ದು ಹೀಗೆ.

2003ರ ತಂಬಾಕು ಕಾಯ್ದೆ ಜಾಹೀರಾತು ನಿಲ್ಲಿಸಿತು, ಶಾಲೆಯಿಂದ ನೂರು ಗಜದೊಳಗೆ ಮಾರಬಾರದು ಎಂದಿತು. 2011ರ ಮಾರ್ಚ್‌ನಿಂದ ಪ್ಲಾಸ್ಟಿಕ್ ಪ್ಯಾಕೆಟ್ ಬೇಡ ಎಂದು ಸುಪ್ರೀಂ ಕೋರ್ಟ್ ಹೇಳಿತು. ಕಾಗದದ ಪ್ಯಾಕೆಟ್ ಬಂತು. ಆಹಾರದಲ್ಲಿ ತಂಬಾಕು ಬೆರೆಸಬಾರದು ಎಂಬ ನಿಯಮ ಅದೇ ವರ್ಷದ್ದು. ಅದನ್ನೇ ಹಿಡಿದು 2012ರಲ್ಲಿ ಮಧ್ಯಪ್ರದೇಶ, 2013ರ ಮೇ ಕೊನೆಗೆ ಕರ್ನಾಟಕ ಗುಟ್ಕಾ ನಿಷೇಧಿಸಿದವು.

ಬೆರೆಸಬಾರದು ತಾನೇ? ಪಾನ್ ಮಸಾಲಾ, ಅಂದರೆ ತಂಬಾಕಿಲ್ಲದ ಅಡಿಕೆ ಚೂರು, ಒಂದು ಪ್ಯಾಕೆಟ್, ತಂಬಾಕು ಇನ್ನೊಂದು. ಗಿರಾಕಿ ಎರಡನ್ನೂ ಹರಿದು, ಒಂದನ್ನು ಇನ್ನೊಂದಕ್ಕೆ ಸುರಿದು, ಎರಡು ಸಲ ಅಲ್ಲಾಡಿಸುತ್ತಾನೆ. ಬೆರೆಸಿದ್ದು ಅವನೇ ಅಲ್ವಾ!

ಇನ್ನು ಬರೀ ಪಾನ್ ಮಸಾಲಾ ಪರವಾಗಿಲ್ಲ ಅನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿತು. ದೇಶದಲ್ಲೇ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡಿನಲ್ಲಿ ಮಗಳ ಮದುವೆ, ಮಗನ ಕಾಲೇಜು ಎಲ್ಲ ಅದರ ಮೇಲೇ. ಹಾಗಾಗಿ ಇಲ್ಲಿ ಈ ಮಾತು ಯಾರೂ ಗಟ್ಟಿಯಾಗಿ ಎತ್ತುವುದಿಲ್ಲ.

ಅಡಿಕೆ ಮಾಡುವ ಕೆಲಸ ಬೇರೆ ಥರ. ಕೆನ್ನೆಯ ಒಳಗೆ ನಾರು ಕಟ್ಟುತ್ತದೆ, ಚರ್ಮ ಹಗ್ಗದ ಹಾಗೆ ಬಿಗಿಯುತ್ತದೆ. ಮೊದಲು ಖಾರ ಉರಿಯುತ್ತದೆ, ಆಮೇಲೆ ಬಾಯಿ ತೆರೆಯುವುದೇ ಕಷ್ಟ. ಇಂಥ ಬಾಯಲ್ಲಿ ಮುಂದೆ ಕ್ಯಾನ್ಸರ್ ಆಗುವ ಭಯವೂ ಇದೆ. ಸಾಮಾನ್ಯವಾಗಿ ಮೂರು ಬೆರಳು ಒಂದರ ಮೇಲೊಂದು ಜೋಡಿಸಿದರೆ ಬಾಯೊಳಗೆ ಹಿಡಿಯುತ್ತವೆ. ಆ ಡಬ್ಬಾ ಅಂಗಡಿಗೆ ನಮ್ಮ ಜೊತೆಗೇ ಬರುತ್ತಿದ್ದ ಗೆಳೆಯನೊಬ್ಬ ಹೆಂಡತಿ ಮಾಡಿದ ಸಾರು ಖಾರ ಅಂತ ವರ್ಷಗಟ್ಟಲೆ ಜಗಳ ಆಡಿದ್ದ. ಪ್ಯಾಕೆಟ್ ಬಿಟ್ಟು ನಾಲ್ಕು ವರ್ಷವಾಯಿತು. ಬೆರಳು ಈಗಲೂ ಒಂದೂವರೆಯೇ. ಹೋದ ವಾರ ಮದುವೆ ಊಟದಲ್ಲಿ ಹೋಳಿಗೆ ಚೂರು ಚೂರು ಮಾಡಿ, ಹಾಲಲ್ಲಿ ನೆನೆಸಿ ತಿನ್ನುತ್ತಿದ್ದ.