ಕಾಳಿ ಎಂಬ ನಾಯಿಗೆ ಎರಡು ಖಂಡುಗ ಗದ್ದೆ

ಶಾಸನ ಓದಲು ಮೈಸೂರಿನಿಂದ ಮಂಡ್ಯ ಕಡೆಯ ಯಾವ ಊರಿಗೆ ಹೋದರೂ ಮೊದಲು ಬರುವ ಪ್ರಶ್ನೆ ಒಂದೇ: ‘ಸಾ, ನಿಧಿ ಎಲ್ಲೈತೆ ಅಂತ ಬರ್ದವ್ರಾ?’ ಇಲ್ಲ ಎಂದರೆ ನಂಬುವವರು ಕಡಿಮೆ. ಕಲ್ಲಿನ ಮೇಲೆ ಜಾಸ್ತಿ ಇರುವುದು ಜಮೀನಿನ ವಿಚಾರ. ಯಾರು ಯಾರಿಗೆ ಎಷ್ಟು ಗದ್ದೆ ಬಿಟ್ಟರು, ತಪ್ಪಿದರೆ ಏನು ಪಾಪ, ಅಷ್ಟೇ. ಮದ್ದೂರು ತಾಲ್ಲೂಕಿನ ಆತಗೂರಿನ ಕಲ್ಲಿನಲ್ಲೂ ಗದ್ದೆಯ ವಿಚಾರವೇ ಇದೆ. ಆದರೆ ಅಲ್ಲಿ ಗದ್ದೆ ಬಿಟ್ಟಿದ್ದು ಒಂದು ನಾಯಿಯ ನೆನಪಿಗೆ.

ಕಾಲ ಸುಮಾರು ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ ಚೋಳರ ಮೇಲೆ ದಂಡೆತ್ತಿ ಹೋಗಿದ್ದ. ಜೊತೆಗೆ ಗಂಗರ ಇಮ್ಮಡಿ ಬೂತುಗ. ಬೂತುಗನ ಬಂಟ ಮಣಲೆರ ಯುದ್ಧದಲ್ಲಿ ಎದೆಕೊಟ್ಟು ನಿಂತ. ಒಡೆಯ ಮೆಚ್ಚಿ ‘ಬೇಕಾದ್ದು ಕೇಳಿಕೊ’ ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆ ನಾಯಿಯನ್ನು! ಊರೂ ಸಿಕ್ಕಿತು, ಆದರೆ ಬಾಯಿಬಿಟ್ಟು ಕೇಳಿದ್ದು ನಾಯಿ. ಆಮೇಲೆ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ, ಅಂದರೆ ಸಣ್ಣ ಗುಡ್ಡದಲ್ಲಿ, ಕಾಳಿಯನ್ನು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಅದಕ್ಕೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಟ್ಟು, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗ ಮಣ್ಣು ಬಿಟ್ಟರು. ಖಂಡುಗ ಎಂದರೆ ಕಾಳು ಅಳೆಯುವ ಹಳೆಯ ಅಳತೆ; ಇಲ್ಲಿ ಎರಡು ಖಂಡುಗ ಬಿತ್ತನೆ ಬೀಳುವಷ್ಟು ಗದ್ದೆ. ನಮ್ಮ ಕಡೆ ಹಳಬರು ಈಗಲೂ ಗದ್ದೆಯನ್ನು ಕೊಳಗ, ಖಂಡುಗದಲ್ಲೇ ಲೆಕ್ಕ ಹಾಕುತ್ತಾರಲ್ವಾ, ಅದೇ ಲೆಕ್ಕ. ಕಲ್ಲಿನ ಮೇಲೆ ನಾಯಿ ಹಂದಿಯ ಕಾಳಗವನ್ನೂ ಕೆತ್ತಿಸಿದರು.

ಇತಿಹಾಸದ ಪುಸ್ತಕಗಳಲ್ಲಿ ಈ ಕಲ್ಲಿಗೆ ಹೆಸರು ಬಂದಿರುವುದು ಮಾತ್ರ ನಾಯಿಯಿಂದಲ್ಲ, ಚೋಳರ ಮೇಲಿನ ಆ ದಂಡಯಾತ್ರೆಯಲ್ಲಿ ಈಗಿನ ತಮಿಳುನಾಡಿನ ತಕ್ಕೋಲದಲ್ಲಿ ನಡೆದ ಯುದ್ಧದಿಂದ. ಚೋಳ ದೊರೆ ಪರಾಂತಕನ ಮಗ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಕೊಂದವನು ಬೂತುಗ ಎಂದು ಈ ಕಲ್ಲು ಹೇಳುತ್ತದೆ. ಬಹುಮಾನವಾಗಿ ಅವನಿಗೆ ಬನವಾಸಿ, ಬೆಳ್ವೊಲ, ಪುರಿಗೆರೆ ಮುಂತಾದ ನಾಡುಗಳು ಸಿಕ್ಕವು ಎಂದೂ ಹೇಳುತ್ತದೆ. ನನ್ನ ಕಸುಬಿನವರೂ ಇದನ್ನು ‘ತಕ್ಕೋಲದ ಶಾಸನ’ ಎನ್ನುವ ಹಾಗೆ ಓದಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಕಾಳಿ ಹಂದಿಯ ಕೈಲಿ ಸಾಯದೆ ಮುದಿಯಾಗಿ ಸತ್ತಿದ್ದರೆ ಈ ಕಲ್ಲನ್ನು ಯಾರೂ ನೆಡುತ್ತಿರಲಿಲ್ಲ. ಒಬ್ಬ ಬಂಟನಿಗೆ ತನ್ನ ನಾಯಿಯ ಮೇಲಿದ್ದ ಅಕ್ಕರೆಯ ಬೆನ್ನೇರಿ ಚೋಳ ಯುವರಾಜನ ಸಾವಿನ ಸುದ್ದಿ ನಮ್ಮ ತನಕ ಬಂದಿದೆ.

ಆ ಸುದ್ದಿಯೂ ಒಂದೇ ಸಲಕ್ಕೆ ನೆಟ್ಟಗೆ ಬರಲಿಲ್ಲ. ಮೊದಲ ಓದಿನಲ್ಲಿ ಬೂತುಗ ಮೋಸ ಮಾಡಿ ರಾಜಾದಿತ್ಯನನ್ನು ಇರಿದ ಎಂದೇ ಅಚ್ಚಾಗಿತ್ತು. ಆಮೇಲೆ ಅದೇ ಸಾಲನ್ನು ಮತ್ತೆ ಓದಿದಾಗ, ಆನೆಯ ಮೇಲಿನ ಅಂಬಾರಿಯನ್ನೇ ರಣರಂಗ ಮಾಡಿಕೊಂಡು ಕೊಂದ ಎಂದು ಅರ್ಥವಾಯಿತು. ರಾಜಾದಿತ್ಯ ಆನೆಯ ಮೇಲೆಯೇ ಸತ್ತ ಎಂದು ಚೋಳರ ತಾಮ್ರಪಟವೂ ಹೇಳುತ್ತದೆ. ಒಂದು ಸಾಲಿನ ಓದು ತಪ್ಪಿ ಬೂತುಗ ಸುಮ್ನೆ ದ್ರೋಹಿ ಅನ್ನಿಸಿಕೊಂಡಿದ್ದ.

ಅದಕ್ಕೇ ನಾವು ಕಲ್ಲನ್ನು ಕಣ್ಣಲ್ಲಿ ನೋಡಿ ಬರೆದುಕೊಂಡು ಬರುವುದಿಲ್ಲ, ಪಡಿಯಚ್ಚು ತೆಗೆಯುತ್ತೇವೆ. ಕಲ್ಲಿಗೆ ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಬೇಕು. ಒದ್ದೆ ಕಾಗದ ಹೊದಿಸಿ, ಬಿರುಸು ಕೂದಲಿನ ಬ್ರಷ್‌ನಿಂದ ಬಡಿಯುತ್ತಾ ಹೋಗಬೇಕು. ಕಾಗದ ಅಕ್ಷರದ ಗುಳಿಗಿಳಿದು ಕೂರುತ್ತದೆ. ಆಮೇಲೆ ಮಸಿ ಹತ್ತಿಸಿದ ಬಟ್ಟೆಯುಂಡೆಯಿಂದ ಮೆಲ್ಲಗೆ ತಟ್ಟಬೇಕು. ಬಯಲು ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಮಸಿ ಸ್ವಲ್ಪ ಜಾಸ್ತಿಯಾಯಿತೋ, ಗುಳಿ ತುಂಬಿ ಒತ್ತಕ್ಷರವೇ ಮಾಯ. ಬಿಸಿಲು ಏರಿದರೆ ಕಾಗದ ಬೇಗ ಒಣಗಿ ಕಿತ್ತುಬರುತ್ತದೆ, ಮತ್ತೆ ಮೊದಲಿಂದ ಶುರು.

ಈ ಶಾಸನದ ಕೊನೆಯೂ ನನಗೆ ಬಲು ಇಷ್ಟ. ದಾನಕ್ಕೆ ಅಳುಪಿದವನಿಗೆ, ಅಂದರೆ ಅದನ್ನು ಕೆಡಿಸಿದವನಿಗೆ, ವಾರಣಾಸಿಯಲ್ಲಿ ಕವಿಲೆ ಹಸು ಕೊಂದ ಪಾಪ ಎನ್ನುವುದು ಶಾಸನಗಳ ಮಾಮೂಲಿ ಪಾಠ. ಇಲ್ಲಿ ಮಾತು ಬೇರೆ: ಗುಡಿಯನ್ನು ನೋಡಿಕೊಳ್ಳುವ ಗೊರವ ಈ ಕಲ್ಲನ್ನು ಪೂಜಿಸದೆ ಉಂಡರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ! ಬೇಟೆ ನಾಯಿ ಎಷ್ಟು ಜೀವ ತೆಗೆದಿರುತ್ತದೆ, ಯೋಚಿಸಿ. ಗೊರವ ಒಂದು ದಿನವೂ ಪೂಜೆ ತಪ್ಪಿಸಿರಲಾರ.

ಕಲ್ಲು ಈಗ ಆತಗೂರಿನಲ್ಲಿಲ್ಲ, ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಿಮ್ಮೂರಲ್ಲೂ ಅಕ್ಷರದ ಕಲ್ಲಿದ್ದರೆ ಎಣ್ಣೆ, ಸುಣ್ಣ, ಪೇಂಟ್ ಬಳಿಯಬೇಡಿ. ಓದಬೇಕೆಂದು ಸೀಮೆಸುಣ್ಣವನ್ನೂ ತೀಡಬೇಡಿ. ರಾತ್ರಿ ಹೋಗಿ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ಹಿಡಿದು ಫೋಟೊ ತೆಗೆಯಿರಿ. ಹಗಲಿನಲ್ಲಿ ಕಾಣದ ಅಕ್ಷರವೂ ನೆರಳು ಬಿದ್ದು ಎದ್ದು ಕಾಣುತ್ತದೆ.