ಎಲ್ಲಾ ಸೇರಿ ಅಂದಮೇಲೂ ಉಳಿಯುವ ಬಾಕಿ: ಟೂರ್ ಪ್ಯಾಕೇಜ್ ಮತ್ತು ವಿಮಾನ ನಿಲ್ದಾಣದ ತೆರಿಗೆಗಳ ಹಿನ್ನೆಲೆ

ಅಡಿಕೆ ಕೊಯ್ಲು ಮುಗಿದು ಮಂಡಿಯಿಂದ ದುಡ್ಡು ಬಂತು ಅಂದರೆ ಮಲೆನಾಡಿನ ಮನೆಗಳಲ್ಲಿ ಟೂರಿನ ಮಾತು ಶುರುವಾಗುತ್ತದೆ. ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಲ್ಲಿ ಕರಪತ್ರಗಳು ಕೈಗೆ ಸಿಗುತ್ತವೆ. ಕಾಠ್ಮಂಡು-ಮುಕ್ತಿನಾಥ, ಶ್ರೀಲಂಕಾ, ಬ್ಯಾಂಕಾಕ್-ಪಟ್ಟಾಯ, ದುಬೈ, ಬಾಲಿ. ದೊಡ್ಡ ಅಕ್ಷರದಲ್ಲಿ ಒಂದು ಮೊತ್ತ, ಅದರ ಪಕ್ಕದಲ್ಲೇ ‘ಎಲ್ಲಾ ಸೇರಿ’ ಅನ್ನುವ ಎರಡು ಪದ.

ಆ ‘ಎಲ್ಲಾ’ದೊಳಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಅನ್ನುವುದು ಈಗ ದೊಡ್ಡ ಗೋಜಲು. ನಾಲ್ಕು ಸಲ ವಿದೇಶಕ್ಕೆ ಹೋಗಿ ಬಂದವರೂ ಐದನೇ ಸಲ ಯಾವುದೋ ಕೌಂಟರಿನಲ್ಲಿ ನಿಂತು ‘ಇದು ಯಾವ ದುಡ್ಡು?’ ಅಂತ ಕೇಳುತ್ತಾರೆ. ಹಾಗಾಗಿ ಸ್ವಲ್ಪ ಹಿಂದಿನಿಂದ ನೋಡೋಣ.

ನಮ್ಮ ದೇಶದಲ್ಲೇ 1979ರಲ್ಲಿ ವಿದೇಶ ಪ್ರಯಾಣ ತೆರಿಗೆ ಬಂತು. 1989ರಲ್ಲಿ ಒಳನಾಡಿನ ವಿಮಾನ ಪ್ರಯಾಣಕ್ಕೂ ಒಂದು ತೆರಿಗೆ ಸೇರಿತು. 2004ರ ಜನವರಿಯಲ್ಲಿ ಎರಡನ್ನೂ ತೆಗೆದರು. ಆ ಹೊತ್ತಿಗೆ ವಿದೇಶಕ್ಕೆ ಹೊರಡುವವರು ತಲೆಗೆ 500 ರೂಪಾಯಿ, ನೆರೆಯ ದೇಶಗಳಿಗೆ ಹೋಗುವವರು 150 ರೂಪಾಯಿ ಕಟ್ಟುತ್ತಿದ್ದರು. ತೆರಿಗೆ ಹೋಯಿತು ಅಂತ ಜನ ಖುಷಿಪಟ್ಟರು. ಆದರೆ ಹೋಗಿದ್ದು ನಮ್ಮ ಕಡೆಯ ತೆರಿಗೆ ಮಾತ್ರ. ವಾಪಸು ಬರುವಾಗ ಆಯಾ ದೇಶ ತೆಗೆದುಕೊಳ್ಳುವ ನಿರ್ಗಮನ ಶುಲ್ಕ ಹಾಗೇ ಇತ್ತು. ಮಲೆನಾಡಿನ ಟೂರಿಗರಿಗೆ ನಿಜವಾಗಿ ಪೆಟ್ಟು ಕೊಟ್ಟಿದ್ದು ಅದೇ.

2009ರಲ್ಲಿ ಅಪ್ಪಯ್ಯ, ಅಮ್ಮ, ದೊಡ್ಡಮ್ಮನ ಜೊತೆ ನಾನೂ ಮುಕ್ತಿನಾಥಕ್ಕೆ ಹೋಗಿದ್ದೆ. ನಮ್ಮ ಗುಂಪಿನಲ್ಲಿ 24 ಜನ. ಹೆಚ್ಚಿನವರು ಅರವತ್ತು ದಾಟಿದವರು. ಗಂಡಕಿ ನದಿಯ ಸಾಲಿಗ್ರಾಮ ತರಬೇಕು ಅನ್ನುವುದು ಅವರ ಎಷ್ಟೋ ವರ್ಷದ ಆಸೆ. ಭಾರತದ 500, 1000ದ ನೋಟು ನೇಪಾಳದಲ್ಲಿ ಆಗ ನಡೆಯುತ್ತಿರಲಿಲ್ಲ. ನೂರರ ನೋಟೇ ತನ್ನಿ ಅಂತ ಟೂರಿನವರು ಮೊದಲೇ ಹೇಳಿದ್ದರು. ಎಲ್ಲರೂ ತಂದಿದ್ದರು. ಕೊನೆಯ ಸಂಜೆ ಪಶುಪತಿನಾಥ ದೇವಸ್ಥಾನದ ಹತ್ತಿರದ ಅಂಗಡಿಗಳಲ್ಲಿ ರುದ್ರಾಕ್ಷಿ, ಶಾಲು ಅಂತ ಅದನ್ನೆಲ್ಲ ಖರ್ಚು ಮಾಡಿದ್ದರು. ಇನ್ನೇನು, ಬೆಳಿಗ್ಗೆ ವಿಮಾನ ಹತ್ತಿದರೆ ದೆಹಲಿ ಅಲ್ವಾ!

ಬೆಳಿಗ್ಗೆ ತ್ರಿಭುವನ್ ವಿಮಾನ ನಿಲ್ದಾಣದಲ್ಲಿ ಬ್ಯಾಗುಗಳನ್ನು ಸಾಲಾಗಿ ಇಟ್ಟುಕೊಂಡು ನಿಂತಾಗ ಗೊತ್ತಾಯಿತು: ಬೋರ್ಡಿಂಗ್ ಪಾಸಿಗೆ ಮೊದಲು ಪಕ್ಕದ ಬ್ಯಾಂಕ್ ಕೌಂಟರಿನಲ್ಲಿ ತಲೆಗೆ 1356 ನೇಪಾಳಿ ರೂಪಾಯಿ ಕಟ್ಟಬೇಕು. ಪ್ರಯಾಣಿಕರ ಸೇವಾ ಶುಲ್ಕ 1200, ಅದರ ಮೇಲೆ ಶೇ 13 ವ್ಯಾಟ್. ಭಾರತವೂ ಇರುವ ಸಾರ್ಕ್ ಗುಂಪಿನ ದೇಶದವರಿಗೆ ಈ ದರ, ಉಳಿದವರಿಗೆ 1695. ನಮ್ಮ ಲೆಕ್ಕದಲ್ಲಿ ಒಬ್ಬರಿಗೆ ಸುಮಾರು 850 ರೂಪಾಯಿ, ಗಂಡ ಹೆಂಡತಿಗೆ 1700.

ಅಪ್ಪಯ್ಯನ ಜೇಬಿನಲ್ಲಿ ಐನೂರರ ನೋಟುಗಳಿದ್ದವು. ಕೌಂಟರಿನ ಹುಡುಗ ತಲೆ ಅಲ್ಲಾಡಿಸಿದ. ‘ನೂರರದ್ದು ಇದ್ಯಾ, ನೂರರದ್ದು?’ ಅಂತ ನಮ್ಮವರು ಒಬ್ಬರನ್ನೊಬ್ಬರು ಕೇಳಿಕೊಂಡು ಓಡಾಡಿದರು. ದೊಡ್ಡಮ್ಮ ಎಲೆಯಡಿಕೆ ಸಂಚಿ ಬಿಚ್ಚಿ, ಸುಣ್ಣದ ಡಬ್ಬಿಯ ಕೆಳಗೆ ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ನೂರರ ನೋಟುಗಳನ್ನು ತೆಗೆದರು. ಅದು ಅವರಿಗೇ ಸಾಲದು. ‘ತಮ್ಮಾ, ಎಲ್ಲಾ ಸೇರಿ ಅಂದಿದ್ಯಲ್ಲೋ’ ಅಂತ ಟೂರ್ ಮ್ಯಾನೇಜರನ್ನು ಕೇಳಿದರು. ಅವನಿಗೂ ಅದು ಮೊದಲ ನೇಪಾಳ ಟೂರು. ‘ಅಮ್ಮಾ, ಇದು ನಮ್ಮದಲ್ಲ, ಏರ್‌ಪೋರ್ಟಿನವರದ್ದು’ ಅಂದ. ಅವನು ಹೇಳಿದ್ದೂ ಸುಳ್ಳಲ್ಲ, ದೊಡ್ಡಮ್ಮ ಕೇಳಿದ್ದೂ ತಪ್ಪಲ್ಲ. ಕೊನೆಗೆ ಅಲ್ಲೇ ಇದ್ದ ಧಾರವಾಡದ ಇನ್ನೊಂದು ಗುಂಪಿನವರು ನೂರರ ನೋಟು ಕೊಟ್ಟು ನಮ್ಮ ಐನೂರು ತೆಗೆದುಕೊಂಡರು. ಅಪ್ಪಯ್ಯ ಆ ದಿನ ದೆಹಲಿಯವರೆಗೂ ಮಾತಾಡಲಿಲ್ಲ. 850 ರೂಪಾಯಿ ಅವರಿಗೆ ಹೆಚ್ಚಲ್ಲ. ಗುರುತಿಲ್ಲದ ಊರಿನಲ್ಲಿ, ಇಷ್ಟು ಜನರ ಎದುರು ಕೈಯೊಡ್ಡಿ ನಿಲ್ಲಬೇಕಾಯಿತಲ್ಲ, ಅದು ಅವರಿಗೆ ನಾಟಿತು.

ಇಂಥದ್ದು ನೇಪಾಳದಲ್ಲಿ ಮಾತ್ರ ಇರಲಿಲ್ಲ. ಬ್ಯಾಂಕಾಕಿನಲ್ಲಿ 500 ಬಾತ್ ಕೌಂಟರಿನಲ್ಲಿ ಕಟ್ಟಬೇಕಿತ್ತು. ಕೀಟನಾಶಕ, ಗೊಬ್ಬರದ ಡೀಲರುಗಳನ್ನು ಕಂಪನಿಗಳು ಬ್ಯಾಂಕಾಕಿಗೆ ಕರೆದುಕೊಂಡು ಹೋಗುತ್ತಿದ್ದ ಕಾಲದಲ್ಲಿ ನಮ್ಮ ಕಡೆಯ ಎಷ್ಟೋ ಜನ ಆ 500 ಬಾತನ್ನು ಮಡಿಚಿ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡೇ ತಿರುಗುತ್ತಿದ್ದರು. 2007ರ ಫೆಬ್ರವರಿಯಲ್ಲಿ ಅದು 700 ಬಾತ್ ಆಯಿತು, ಜೊತೆಗೆ ಟಿಕೆಟ್ ಬೆಲೆಯೊಳಗೇ ಸೇರಿತು. ಬಾಲಿಯಲ್ಲಿ ಒಂದೂವರೆ ಲಕ್ಷ ರುಪಯ್ಯಾ ಇದ್ದದ್ದು 2014ರಲ್ಲಿ ಎರಡು ಲಕ್ಷವಾಯಿತು, 2015ರಲ್ಲಿ ಟಿಕೆಟ್ ಒಳಗೆ ಹೋಯಿತು. ನೇಪಾಳದ್ದೂ ಆಮೇಲೆ ಟಿಕೆಟ್ ಸೇರಿತು.

ಕೌಂಟರಿನಲ್ಲೇ ಯಾಕೆ ವಸೂಲಿ ಮಾಡುತ್ತಿದ್ದರು? ದುಡ್ಡು ನೇರವಾಗಿ, ಅವತ್ತೇ, ನಗದಾಗಿ ಕೈಗೆ ಬರುತ್ತಿತ್ತು. ಟಿಕೆಟಿನಲ್ಲಿ ಸೇರಿಸಿದರೆ ವಿಮಾನ ಕಂಪನಿ ಮೊದಲು ವಸೂಲಿ ಮಾಡಿ ಆಮೇಲೆ ಕಟ್ಟಬೇಕು, ಅದಕ್ಕೆ ದಿನ ಹಿಡಿಯುತ್ತದೆ. ಪ್ಯಾಕೇಜ್ ಮಾರುವವರಿಗೂ ಕೌಂಟರಿನ ಶುಲ್ಕದಿಂದ ಒಂದು ಅನುಕೂಲ ಇತ್ತು. ಅದು ತಮ್ಮ ಬಿಲ್ಲಿಗೆ ಬರುವುದಿಲ್ಲ, ಹಾಗಾಗಿ ಕರಪತ್ರದ ಮೊತ್ತ ಪಕ್ಕದ ಅಂಗಡಿಯವರಿಗಿಂತ ಸಾವಿರ ಕಮ್ಮಿ ಕಾಣುತ್ತದೆ. ಒಬ್ಬರು ಬಿಟ್ಟು ಬರೆದರೆ ಇನ್ನೊಬ್ಬರೂ ಬಿಟ್ಟು ಬರೆಯಲೇಬೇಕಾಗುತ್ತದೆ.

ಇತ್ತ ನಮ್ಮಲ್ಲಿ ಹೊಸ ಶುಲ್ಕಗಳು ಬಂದವು. 2008ರ ಮೇ ತಿಂಗಳಲ್ಲಿ ದೇವನಹಳ್ಳಿ ನಿಲ್ದಾಣ ತೆರೆಯಿತು. ಬಳಕೆದಾರರ ಅಭಿವೃದ್ಧಿ ಶುಲ್ಕ ಅಂತ ವಿದೇಶಕ್ಕೆ ಹೋಗುವವರಿಗೆ 1070 ರೂಪಾಯಿ, ಆಮೇಲೆ ಒಳನಾಡಿನವರಿಗೂ 260 ರೂಪಾಯಿ ಹಾಕಿದರು. 2009ರಲ್ಲಿ ದೆಹಲಿ, ಮುಂಬೈ ನಿಲ್ದಾಣಗಳೂ ಅಭಿವೃದ್ಧಿ ಶುಲ್ಕ ಶುರುಮಾಡಿದವು. ವಿಮಾನ ನಿಲ್ದಾಣಗಳ ಶುಲ್ಕ ನಿಗದಿ ಮಾಡುವ ನಿಯಂತ್ರಣ ಪ್ರಾಧಿಕಾರದ ಒಪ್ಪಿಗೆಯಿಲ್ಲದೆ ಹಾಗೆ ವಸೂಲಿ ಮಾಡುವಂತಿಲ್ಲ ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಳೆಯ ಪ್ರಯಾಣಿಕರ ಸೇವಾ ಶುಲ್ಕದ ಭದ್ರತೆಯ ಪಾಲು 2019ರ ಜುಲೈನಿಂದ ವಿಮಾನಯಾನ ಭದ್ರತಾ ಶುಲ್ಕ ಆಯಿತು. ಇವೆಲ್ಲ ಈಗ ಟಿಕೆಟಿನಲ್ಲೇ ಇರುತ್ತವೆ.

ಟಿಕೆಟಿನಲ್ಲಿ ಸೇರಿದ ಮೇಲೆ ತೊಂದರೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಗುಂಪಿನ ಟಿಕೆಟ್ ಹೇಗೆ ಆಗುತ್ತದೆ ಅನ್ನುವುದರಲ್ಲಿ ಇದರ ಕಾರಣ ಇದೆ. ಟೂರಿನವರು ನಾಲ್ಕೈದು ತಿಂಗಳ ಮೊದಲೇ ಸೀಟು ಹಿಡಿದು ಮುಂಗಡ ಕಟ್ಟುತ್ತಾರೆ. ಹೆಸರು ಕೊಟ್ಟು ಟಿಕೆಟ್ ಮಾಡಿಸುವುದು ಹೊರಡುವ ದಿನ ಹತ್ತಿರ ಬಂದಾಗ. ಮೂಲ ದರ ಮೊದಲೇ ನಿಗದಿಯಾಗಿರುತ್ತದೆ, ತೆರಿಗೆ ಮಾತ್ರ ಟಿಕೆಟ್ ಆಗುವ ದಿನದ್ದು. ನಡುವೆ ಯಾವುದೋ ದೇಶ ಶುಲ್ಕ ಏರಿಸಿದರೆ ಆ ಹೆಚ್ಚಳ ನಮ್ಮ ತಲೆಗೆ. ಬ್ರಿಟನ್ 2007ರ ಫೆಬ್ರವರಿಯಲ್ಲಿ ವಿಮಾನ ತೆರಿಗೆಯನ್ನು ಎರಡು ಪಟ್ಟು ಮಾಡಿದಾಗ ಮೊದಲೇ ದುಡ್ಡು ಕಟ್ಟಿದ್ದ ಪ್ರಯಾಣಗಳಿಗೂ ಅದನ್ನು ಹಾಕಿತು. ಮಾಲ್ಡೀವ್ಸ್ 2024ರ ಡಿಸೆಂಬರಿನಿಂದ ಹೊರಗಿನ ಪ್ರವಾಸಿಗರ ಇಕಾನಮಿ ಟಿಕೆಟಿನ ನಿರ್ಗಮನ ತೆರಿಗೆಯನ್ನು 50 ಡಾಲರಿಗೆ ಏರಿಸಿತು.

ಇನ್ನೊಂದು ಕಡೆಯಿಂದ ದುಡ್ಡು ಮತ್ತೆ ಟಿಕೆಟಿನ ಹೊರಗೆ ಬಂದಿದೆ. ಮಲೇಷ್ಯಾದಲ್ಲಿ 2017ರಿಂದ ವಿದೇಶಿಯರಿಗೆ ಒಂದು ರೂಮಿಗೆ ರಾತ್ರಿಗೆ 10 ರಿಂಗಿಟ್, ಹೋಟೆಲಿನ ರಿಸೆಪ್ಷನ್ನಿನಲ್ಲೇ ಕೇಳುತ್ತಾರೆ. ದುಬೈಯಲ್ಲಿ 2014ರಿಂದ ‘ಟೂರಿಸಂ ದಿರ್ಹಂ’ ಅನ್ನುವ ಹೋಟೆಲ್ ಶುಲ್ಕ. ಭೂತಾನ್ 2020ರಿಂದ ಭಾರತೀಯರಿಗೂ ರಾತ್ರಿಗೆ 1200 ರೂಪಾಯಿ ಹಾಕಿದೆ. ಬಾಲಿಯಲ್ಲಿ 2024ರ ಫೆಬ್ರವರಿಯಿಂದ ಒಂದೂವರೆ ಲಕ್ಷ ರುಪಯ್ಯಾ ಮತ್ತೆ ಬಂದಿದೆ. ಈಗ ಅದು ದ್ವೀಪಕ್ಕೆ ಬರುವ ವಿದೇಶಿಯರ ಮೇಲೆ, ಮೊಬೈಲಿನಲ್ಲಿ ಕಟ್ಟಬಹುದು. ಪ್ರಕೃತಿ, ಸಂಸ್ಕೃತಿ ಉಳಿಸಲು ಇದು ಬೇಕು ಅಂತ ಆ ದೇಶಗಳು ಹೇಳುತ್ತವೆ. ಜೋಗದಲ್ಲಿ, ಆಗುಂಬೆಯಲ್ಲಿ ಪ್ರವಾಸಿಗರು ಬಿಟ್ಟುಹೋಗುವ ಕಸ ನೋಡಿದ ನಮಗೆ ಅದು ಅರ್ಥವಾಗದ ಮಾತಲ್ಲ. ಶುಲ್ಕ ಕೇಳಲಿ. ಮನೆ ಬಿಡುವ ಮೊದಲು ಹೇಳಲಿ, ಅಷ್ಟೇ.

ಅಡಿಕೆ ಬೆಳೆಗಾರರಿಗೆ ಇನ್ನೊಂದು ತೊಡಕಿದೆ, ಇದರ ಬಗ್ಗೆ ಯಾರೂ ಬಿಡಿಸಿ ಹೇಳುವುದಿಲ್ಲ. 2020ರ ಅಕ್ಟೋಬರಿನಿಂದ ವಿದೇಶಿ ಪ್ಯಾಕೇಜಿನ ಮೇಲೆ ಟಿಸಿಎಸ್, ಅಂದರೆ ಮಾರುವವರೇ ವಸೂಲಿ ಮಾಡಿ ಸರ್ಕಾರಕ್ಕೆ ಕಟ್ಟುವ ತೆರಿಗೆ, ಹಿಡಿಯುತ್ತಾರೆ. ಶುರುವಿನಲ್ಲಿ ಶೇ 5 ಇತ್ತು. 2023ರ ಅಕ್ಟೋಬರಿನಿಂದ ಏಳು ಲಕ್ಷ ದಾಟಿದ ಮೊತ್ತಕ್ಕೆ ಶೇ 20 ಆಯಿತು. ದರ, ಮಿತಿ ಆಗಾಗ ಬದಲಾಗುತ್ತವೆ, ದುಡ್ಡು ಕಟ್ಟುವ ಹೊತ್ತಿನದ್ದನ್ನೇ ಕೇಳಬೇಕು. ಶೇ 5ರ ಲೆಕ್ಕದಲ್ಲಿ ದಂಪತಿಗೆ 1,80,000 ರೂಪಾಯಿಯ ಪ್ಯಾಕೇಜ್ ಅಂದರೆ 9000 ರೂಪಾಯಿ ಹೆಚ್ಚಿಗೆ. ಇದು ಖರ್ಚಲ್ಲ, ನಮ್ಮ ಪ್ಯಾನ್ ಹೆಸರಿನಲ್ಲಿ ಮುಂಗಡವಾಗಿ ಕಟ್ಟಿದ ಆದಾಯ ತೆರಿಗೆ. ರಿಟರ್ನ್ ಹಾಕಿದರೆ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯುತ್ತಾರೆ, ತೆರಿಗೆಯೇ ಇಲ್ಲದಿದ್ದರೆ ವಾಪಸು ಬರುತ್ತದೆ. ಆದರೆ ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, ಹಾಗಾಗಿ ನಮ್ಮ ಕಡೆ ಎಷ್ಟೋ ಬೆಳೆಗಾರರು ರಿಟರ್ನ್ ಹಾಕುವುದೇ ಇಲ್ಲ. ಬಿಲ್ಲಿನಲ್ಲಿ ‘ತೆರಿಗೆ’ ಅಂತ ಕಂಡಾಗ ಹೋಯಿತು ಅಂತಲೇ ತಿಳಿದು ಸುಮ್ನೆ ಇದ್ದುಬಿಡುತ್ತಾರೆ.

ಟೂರ್ ರದ್ದಾದಾಗಲೂ ಹೀಗೇ ಆಗುತ್ತದೆ. ಟಿಕೆಟಿನ ಮೂಲ ದರ ಸಿಗದಿದ್ದರೂ, ಪ್ರಯಾಣ ಮಾಡದವರಿಗೆ ಬಳಕೆದಾರರ ಶುಲ್ಕವನ್ನೂ ಸರ್ಕಾರಿ ತೆರಿಗೆಗಳನ್ನೂ ವಿಮಾನ ಕಂಪನಿ ವಾಪಸು ಕೊಡಬೇಕು ಅಂತ ನಾಗರಿಕ ವಿಮಾನಯಾನ ನಿರ್ದೇಶನಾಲಯದ ನಿಯಮ ಇದೆ. ಪ್ಯಾಕೇಜಿನಲ್ಲಿ ಆ ದುಡ್ಡು ಬರುವುದು ಟೂರಿನವರ ಮೂಲಕ. ಕೇಳಿದವರಿಗೆ ಸಿಗುತ್ತದೆ, ಕೇಳದವರಿಗೆ ಸಿಗುವುದು ಕಷ್ಟ.

2023ರ ಆಗಸ್ಟ್ 31ರಿಂದ ಶಿವಮೊಗ್ಗ ಹತ್ತಿರದ ಸೋಗಾನೆ ನಿಲ್ದಾಣದಿಂದಲೂ ವಿಮಾನ ಹಾರುತ್ತಿದೆ. ರಾತ್ರಿ ಬಸ್ಸಿನಲ್ಲಿ ಸುಮಾರು 300 ಕಿಲೋಮೀಟರ್ ಕೂತು ಬೆಂಗಳೂರಿಗೆ ಹೋಗಿ, ಅಲ್ಲಿಂದ ದೇವನಹಳ್ಳಿ ಹುಡುಕುವ ಕಷ್ಟ ಕೆಲವರಿಗೆ ತಪ್ಪಿದೆ. ಟೂರು ಇನ್ನೂ ಜಾಸ್ತಿಯಾಗುತ್ತದೆ.

ಮೊನ್ನೆ ಅಮ್ಮ ಶ್ರೀಲಂಕಾ ಟೂರಿನ ಕರಪತ್ರ ತಂದು ತೋರಿಸಿದರು. ಮುಂದಿನ ಪುಟ ಪೂರ್ತಿ ಕನ್ನಡ. ಹಿಂದಿನ ಪುಟದ ತಳದಲ್ಲಿ ಏನೇನು ಸೇರಿಲ್ಲ ಅನ್ನುವ ಪಟ್ಟಿ, ಅದು ಮಾತ್ರ ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿ. ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದೆ. ಅಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಂಡರು. ಏಳು ಸಾಲಾಯಿತು. ಬರೆದು ಮುಗಿಸಿ ಅವರು ಕೇಳಿದ್ದು ಒಂದೇ: ‘ಇದನ್ನೂ ಕನ್ನಡದಲ್ಲೇ ಹಾಕಬಹುದಿತ್ತಲ್ವಾ?’