ಪಬ್ಲಿಕ್ ಬೆಲ್ಟ್ ರೈಲಿಗೆ ಟಿಕೆಟ್ ಎಲ್ಲಿ ಸಿಗುತ್ತೆ?

ಪ್ರಶ್ನೆ: ನ್ಯೂ ಆರ್ಲಿಯನ್ಸ್‌ಗೆ ಹೋಗುತ್ತಿದ್ದೇವೆ. ಅಲ್ಲಿನ ಪಬ್ಲಿಕ್ ಬೆಲ್ಟ್ ರೈಲಿನಲ್ಲಿ ಊರು ಸುತ್ತಬಹುದಾ? ಟಿಕೆಟ್ ಎಲ್ಲಿ ಸಿಗುತ್ತೆ?

ಎಲ್ಲೂ ಸಿಗಲ್ಲ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಇವತ್ತು ಬುಡದಿಂದಲೇ ಹೇಳಿಬಿಡುತ್ತೇನೆ.

ದಾರಿ ತಪ್ಪಿಸುವುದು ಹೆಸರಿನಲ್ಲಿರುವ 'ಪಬ್ಲಿಕ್'. ಅದು ಜನ ಹತ್ತುವ ರೈಲಲ್ಲ, ಜನರ ಒಡೆತನದ ರೈಲು. ಓಡುವುದೆಲ್ಲ ಗೂಡ್ಸ್ ಗಾಡಿಯೇ. ಇನ್ನೊಂದು ಗೊಂದಲ ಟ್ರಾಮಿನದು. ಜ್ಯಾಕ್ಸನ್ ಚೌಕದ ಎದುರು ಮೆಟ್ಟಿಲು ಹತ್ತಿ ಮಿಸಿಸಿಪ್ಪಿ ದಂಡೆಗೆ ಹೋಗುವಾಗ ಹಳಿ ದಾಟಬೇಕು. ಅಲ್ಲೇ ಪಕ್ಕದಲ್ಲಿ ಕೆಂಪು ಟ್ರಾಮ್ ಓಡಾಡುತ್ತದೆ, ಅದರಲ್ಲಿ ಜನ ಕೂತಿರುತ್ತಾರೆ. ನೋಡಿದವರು ಎರಡೂ ಒಂದೇ ಅಂದುಕೊಳ್ಳುತ್ತಾರೆ. ಅಲ್ಲ. ನದಿದಂಡೆಯ ಟ್ರಾಮ್ ಶುರುವಾಗಿದ್ದು 1988ರಲ್ಲಿ, ಅದನ್ನು ನಡೆಸುವ ಸಂಸ್ಥೆಯೇ ಬೇರೆ. ಪಬ್ಲಿಕ್ ಬೆಲ್ಟ್ ಅದಕ್ಕಿಂತ 80 ವರ್ಷ ಹಳೆಯದು. ಅಲ್ಲಿ ಉದ್ದನೆಯ ಗೂಡ್ಸ್ ಅಡ್ಡ ನಿಂತು, ಜನ ಐಸ್‌ಕ್ರೀಮ್ ಹಿಡಿದು ಕಾಯುತ್ತಿದ್ದರೆ, ಆ ಗೂಡ್ಸೇ ನೀವು ಕೇಳುತ್ತಿರುವ ರೈಲು!

ಊರಿಗೆ ಸ್ವಂತ ರೈಲು ಯಾಕೆ ಬೇಕಾಯಿತು ಅಂದರೆ, ದೊಡ್ಡ ರೈಲು ಕಂಪನಿಗಳೆಲ್ಲ ನದಿದಂಡೆಯಲ್ಲಿ ತಮ್ಮ ತಮ್ಮ ಹಳಿ ಹಾಕಿಕೊಳ್ಳಲು ಪೈಪೋಟಿ ನಡೆಸಿದ್ದವು. ಒಬ್ಬರ ವ್ಯಾಗನ್‌ನಲ್ಲಿ ಬಂದ ಹತ್ತಿ ಮೂಟೆ ಇನ್ನೊಬ್ಬರ ಹಳಿಯಾಚೆಯ ಹಡಗಿಗೆ ಹೋಗಬೇಕಾದರೆ ಖರ್ಚೂ ಜಾಸ್ತಿ, ಜಗಳವೂ ಜಾಸ್ತಿ. ಅದಕ್ಕೇ 1904ರಲ್ಲಿ ನಗರಾಡಳಿತ ಕಾನೂನು ಮಾಡಿತು. 1908ರಲ್ಲಿ ರೈಲು ಓಡಿತು. ಯಾವ ಕಂಪನಿಯ ವ್ಯಾಗನ್ ಆದರೂ ಸರಿ, ಯಾವ ಧಕ್ಕೆಗೆ ಬೇಕಾದರೂ ಶಂಟಿಂಗ್ ಮಾಡಿ ತಲುಪಿಸುವುದು, ಎಲ್ಲರಿಗೂ ಒಂದೇ ದರ. ಟರ್ಮಿನಲ್ ರೈಲ್ವೆ ಅಂದರೆ ಇದೇ. ಊರಿನ ಸೊಂಟಕ್ಕೆ ಉಡುದಾರ ಕಟ್ಟಿದ ಹಾಗೆ ಹಳಿ, ಅದಕ್ಕೇ ಬೆಲ್ಟ್. ಇವತ್ತಿಗೂ ಆರು ದೊಡ್ಡ ಕಂಪನಿಗಳನ್ನು ಇದು ಬೆಸೆಯುತ್ತದೆ. 2018ರಲ್ಲಿ ಒಡೆತನ ನಗರದಿಂದ ಬಂದರಿನ ಕೈಗೆ ಹೋಯಿತು, ಆದರೂ ಅದು ಸಾರ್ವಜನಿಕರದ್ದೇ.

ಯಾರೂ ಕೇಳದಿದ್ದರೂ ಮಿಸಿಸಿಪ್ಪಿ ನದಿಗೆ ಕಟ್ಟಿದ ಹ್ಯೂಯಿ ಲಾಂಗ್ ಸೇತುವೆ ಬಗ್ಗೆ ಹೇಳಲೇಬೇಕು. ಹೆಸರು ರಾಜಕಾರಣಿಯದು, ಸೇತುವೆ ಪಬ್ಲಿಕ್ ಬೆಲ್ಟ್‌ನದು. 1935ರ ಡಿಸೆಂಬರ್‌ನಲ್ಲಿ ತೆರೆಯಿತು. ಲಾಂಗ್ ಅದನ್ನು ನೋಡಲಿಲ್ಲ, ಮೂರು ತಿಂಗಳ ಹಿಂದೆ ಗುಂಡೇಟಿಗೆ ಸತ್ತಿದ್ದರು. ಅಲ್ಲಿಯವರೆಗೆ ರೈಲನ್ನು ತುಂಡುತುಂಡಾಗಿ ಬಿಡಿಸಿ ದೋಣಿಗೆ ಏರಿಸಿ ದಾಟಿಸುತ್ತಿದ್ದರು. ಕೆಳಗೆ ಹಡಗು ಹೋಗಬೇಕಲ್ವಾ, ಹಾಗಾಗಿ ಸುಮಾರು 150 ಅಡಿ ಎತ್ತರ ಬಿಡಬೇಕಿತ್ತು. ಊರು ಮಾತ್ರ ಅಂಗೈ ಹಾಗೆ ಸಪಾಟು. ಗೂಡ್ಸ್ ಗಾಡಿ ಕಡಿದಾದ ಏರು ಹತ್ತಲಾರದು. ಅದಕ್ಕೇ ರೈಲುಹಾದಿಯನ್ನು ನಿಧಾನವಾಗಿ ಏರಿಸುತ್ತಾ ಸುಮಾರು 7 ಕಿ.ಮೀ. ಎಳೆದಿದ್ದಾರೆ.

ಟಿಕೆಟ್ ಕೊಂಡು ಪಬ್ಲಿಕ್ ಬೆಲ್ಟ್ ಹಳಿ ಮೇಲೆ ಹೋಗಲೇಬೇಕು ಅನ್ನುವವರು ಲಾಸ್ ಏಂಜಲೀಸ್‌ಗೆ ಹೊರಡುವ ಸನ್‌ಸೆಟ್ ಲಿಮಿಟೆಡ್ ಅನ್ನುವ ಬೇರೆ ಸಂಸ್ಥೆಯ ಪ್ರಯಾಣಿಕರ ರೈಲು ಹತ್ತಿ. ಅದು ಈ ಸೇತುವೆ ಮೇಲೇ ಹೋಗುತ್ತದೆ. ವಾರಕ್ಕೆ ಮೂರೇ ದಿನ, ಮೊದಲೇ ನೋಡಿಕೊಳ್ಳಿ.